ಕುಲುಮೆಯ ಹೊಗೆ ಮತ್ತು ಮನೆಯ ಯಜಮಾನನ ಆರೋಗ್ಯ

(ಆರೋಗ್ಯ ಶಿಬಿರದಲ್ಲಿ ದಂಪತಿಗಳನ್ನು ಉದ್ದೇಶಿಸಿ ವೈದ್ಯಾಧಿಕಾರಿಗಳು ಮಾಡಿದ ಭಾಷಣ)



ಕುಟುಂಬ ಕಲ್ಯಾಣವೆಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ತಾಯಿ ಮತ್ತು ಮಗುವಿನ ಆರೋಗ್ಯ. ಬಸುರಿಯ ಆರೈಕೆ, ಬಾಣಂತಿಯ ಪೋಷಣೆ, ಶಿಶುವಿಗೆ ಚುಚ್ಚುಮದ್ದು, ಹೆರಿಗೆಗಳ ನಡುವೆ ತಕ್ಕ ಅಂತರ ಇವೆಲ್ಲವೂ ಅತ್ಯಾವಶ್ಯಕವಾದುವೇ ಸರಿ. ಆದರೆ ದುಡಿದು ತರುವ ಗಂಡಸಿನ ಆರೋಗ್ಯವೂ ಕುಟುಂಬವನ್ನು ಎತ್ತಿ ನಿಲ್ಲಿಸಿರುವ ಕಂಬಗಳಲ್ಲಿ ಒಂದೆಂಬುದನ್ನು ನಾವು ಮರೆಯುತ್ತೇವೆ. ಆತನೂ ತನ್ನ ಬೇನೆಯನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. ಅದರಲ್ಲಿಯೂ ಮೂತ್ರ, ಜನನಾಂಗಗಳಿಗೆ ಸಂಬಂಧಿಸಿದ ತೊಂದರೆಯಾದರೆ ಹೆಂಡತಿಗೂ ಹೇಳದೆ ವರ್ಷಗಟ್ಟಲೆ ನುಂಗಿಕೊಂಡಿರುತ್ತಾನೆ.

ಆದಕಾರಣ ಇಂದು ನಾನು ಎರಡು ವಿಷಯಗಳನ್ನು ಕೂಡಿಸಿ ಮಾತನಾಡಲು ಬಯಸುತ್ತೇನೆ. ಕೆಲಸದ ಸ್ಥಳದಲ್ಲಿ ನಮಗೆ ಅರಿವಿಲ್ಲದಂತೆ ದೇಹವನ್ನು ಸೇರುವ ಭಾರಲೋಹಗಳ ವಿಷಯ ಒಂದು. ಗಂಡಸರಿಗೆ ಮಾತ್ರ ಬರುವ ಪ್ರಾಸ್ಟೇಟ್ ಗ್ರಂಥಿಯ ಅರ್ಬುದ ರೋಗ, ಅಂದರೆ ಕ್ಯಾನ್ಸರ್, ಇನ್ನೊಂದು. ಇವೆರಡಕ್ಕೂ ಇರುವ ನಂಟನ್ನು ಉತ್ಪ್ರೇಕ್ಷೆಯಿಲ್ಲದೆ, ಮರೆಮಾಚದೆ ನಿಮ್ಮ ಮುಂದಿಡುತ್ತೇನೆ.

ಕೆಡಿಎಂ ಎಂದರೇನು?

ಮಗಳ ಮದುವೆಗೆ ಒಡವೆ ಕೊಳ್ಳಲು ಹೋದವರಲ್ಲಿ ಅನೇಕರು "ಇದು ಕೆಡಿಎಂ ಚಿನ್ನ" ಎಂಬ ಮಾತನ್ನು ಕೇಳಿಯೇ ಇರುತ್ತೀರಿ. ಅದು ಚಿನ್ನದ ಯಾವುದೋ ಉತ್ತಮ ಜಾತಿಯೆಂದು, ಶುದ್ಧತೆಯ ಗುರುತೆಂದು ಹಲವರ ಭಾವನೆ. ವಾಸ್ತವದಲ್ಲಿ ಕೆಡಿಎಂ ಎಂಬುದು ಕ್ಯಾಡ್ಮಿಯಂ ಎಂಬ ಲೋಹದ ಹೆಸರಿನಿಂದ ಬಂದ ಮಾತು. ಆ ಲೋಹವನ್ನು ಬೆರೆಸಿದ ಬೆಸುಗೆಯಿಂದ ಜೋಡಿಸಿದ ಒಡವೆಗೆ ಕೆಡಿಎಂ ಒಡವೆ ಎನ್ನುತ್ತಾರೆ.

ಸರದ ಕೊಂಡಿ, ಓಲೆಯ ತಿರುಪು, ತಾಳಿಯ ಗುಂಡು ಇವುಗಳನ್ನು ಬೆಸೆಯಲು ಹಿಂದೆ ಅಕ್ಕಸಾಲಿಗರು ಚಿನ್ನಕ್ಕೆ ತಾಮ್ರ ಮತ್ತು ಬೆಳ್ಳಿಯನ್ನು ಬೆರೆಸಿ ಬೆಸುಗೆ ಮಾಡಿಕೊಳ್ಳುತ್ತಿದ್ದರು. ಆ ಬೆಸುಗೆಯಲ್ಲಿ ಚಿನ್ನದ ಅಂಶ ಕಡಿಮೆಯಾದುದರಿಂದ, ಒಡವೆಯನ್ನು ಮರಳಿ ಕರಗಿಸಿದಾಗ ಒಟ್ಟಾರೆ ಶುದ್ಧತೆ ಇಳಿಯುತ್ತಿತ್ತು. ನೂರಕ್ಕೆ 92 ಭಾಗ ಚಿನ್ನ, 8 ಭಾಗ ಕ್ಯಾಡ್ಮಿಯಂ ಸೇರಿಸಿದ ಬೆಸುಗೆ ಬಂದ ಮೇಲೆ ಈ ಕೊರತೆ ನೀಗಿತು. ಕೊಳ್ಳುವವರಿಗೆ ಸಂತೋಷವಾಯಿತು, ಮಾರುವವರಿಗೂ ಸಂತೋಷವಾಯಿತು. ಆದರೆ ಅಗ್ಗಿಷ್ಟಿಕೆಯ ಮುಂದೆ ಬಗ್ಗಿ ಕುಳಿತು ಊದುವವನ ಗತಿಯನ್ನು ವಿಚಾರಿಸಿದವರು ವಿರಳ.

ಕ್ಯಾಡ್ಮಿಯಂ 321 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗುತ್ತದೆ. ಸುಮಾರು 767 ಡಿಗ್ರಿಯಲ್ಲಿ ಕುದಿದು ಆವಿಯಾಗುತ್ತದೆ. ಚಿನ್ನವಾದರೋ ಕರಗಬೇಕಾದರೆ 1064 ಡಿಗ್ರಿ ಶಾಖ ಬೇಕು. ಆದ್ದರಿಂದ ಬೆಸುಗೆಯ ಉರಿ ತಾಕಿದೊಡನೆ ಚಿನ್ನಕ್ಕಿಂತ ಮೊದಲು ಕ್ಯಾಡ್ಮಿಯಂ ಹೊಗೆಯಾಗಿ ಮೇಲೇಳುತ್ತದೆ. ಊದುಕೊಳವೆಯನ್ನು ಬಾಯಲ್ಲಿ ಹಿಡಿದ ಅಕ್ಕಸಾಲಿಗನ ಮೂಗು ಆ ಉರಿಯಿಂದ ಒಂದು ಗೇಣು ದೂರದಲ್ಲಿರುತ್ತದೆ. ಎಚ್ಚರಿಸುವಂತಹ ಘಾಟು ಈ ಹೊಗೆಗೆ ಇಲ್ಲ. ಉಸಿರಿನೊಡನೆ ಅದು ಶ್ವಾಸಕೋಶಕ್ಕೆ ಇಳಿದು ಅಲ್ಲಿಂದ ರಕ್ತವನ್ನು ಸೇರುತ್ತದೆ.

ಒಡವೆಯನ್ನು ತೊಟ್ಟುಕೊಂಡ ಹೆಣ್ಣುಮಕ್ಕಳು ಇದರಿಂದ ಗಾಬರಿಯಾಗಬೇಕಾಗಿಲ್ಲ. ಅಪಾಯವಿರುವುದು ಮುಖ್ಯವಾಗಿ ಅದನ್ನು ಬೆಸೆಯುವವನಿಗೆ ಮತ್ತು ಮುಂದೆ ಅದನ್ನು ಕರಗಿಸುವವನಿಗೆ.

ದೇಹದೊಳಗೆ ಕ್ಯಾಡ್ಮಿಯಂ ಮಾಡುವ ಕೆಲಸ

ಒಮ್ಮೆಲೇ ಹೆಚ್ಚು ಹೊಗೆಯನ್ನು ಸೇವಿಸಿದರೆ ಆ ಗಳಿಗೆಯಲ್ಲಿ ಗಂಟಲು ಕೆರೆತಕ್ಕಿಂತ ಹೆಚ್ಚೇನೂ ತಿಳಿಯದಿರಬಹುದು. ಕೆಲವು ಗಂಟೆಗಳ ಬಳಿಕ ಜ್ವರ, ಎದೆಬಿಗಿತ, ಕೆಮ್ಮು, ಏದುಸಿರು ಕಾಣಿಸಿಕೊಳ್ಳುತ್ತವೆ. ಇದನ್ನು ನೆಗಡಿಜ್ವರವೆಂದು ಭಾವಿಸಿ ಮನೆಯಲ್ಲಿಯೇ ಮಲಗಿದರೆ ಪ್ರಾಣಕ್ಕೇ ಅಪಾಯ ಒದಗಬಹುದು. ಲೋಹದ ಕೆಲಸ ಮಾಡಿದ ದಿನ ಇಂತಹ ಲಕ್ಷಣ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು.

ದಿನವೂ ಸ್ವಲ್ಪಸ್ವಲ್ಪವಾಗಿ ಸೇರುವ ಕ್ಯಾಡ್ಮಿಯಂ ಬೇರೆ ರೀತಿಯಲ್ಲಿ ವರ್ತಿಸುತ್ತದೆ. ನಮ್ಮ ದೇಹಕ್ಕೆ ಅದನ್ನು ಹೊರದೂಡುವ ಶಕ್ತಿ ಬಹಳ ಕಡಿಮೆ. ಮೂತ್ರಪಿಂಡದಲ್ಲಿ ಸೇರಿಕೊಂಡ ಕ್ಯಾಡ್ಮಿಯಂನ ಅರ್ಧಭಾಗ ಕರಗಿಹೋಗಲು ಹತ್ತರಿಂದ ಮೂವತ್ತು ವರ್ಷಗಳು ಬೇಕಾಗುತ್ತವೆ. ಇಪ್ಪತ್ತರ ಹರೆಯದಲ್ಲಿ ಸೇರಿದ್ದು ಐವತ್ತರಲ್ಲಿಯೂ ಒಳಗೆ ಉಳಿದಿರುತ್ತದೆ. ಅದು ಮೂತ್ರಪಿಂಡದ ಸೂಕ್ಷ್ಮ ನಾಳಗಳನ್ನು ಕೆಡಿಸಿ, ದೇಹಕ್ಕೆ ಬೇಕಾದ ಪ್ರೋಟೀನನ್ನು ಮೂತ್ರದಲ್ಲಿ ಸೋರಿಸುತ್ತದೆ, ಎಲುಬುಗಳನ್ನು ದುರ್ಬಲಗೊಳಿಸುತ್ತದೆ.

ಈ ವಿಷ ಗಂಡಸರನ್ನು ಮಾತ್ರ ಕಾಡುವುದೆಂದು ತಿಳಿಯಬೇಡಿ. ಜಪಾನ್ ದೇಶದ ತೊಯಾಮ ಪ್ರಾಂತದಲ್ಲಿ ಜಿಂಜು ಎಂಬ ನದಿಯಿದೆ. ಅದರ ಮೇಲ್ಭಾಗದ ಕಮಿಯೋಕ ಗಣಿಯಿಂದ ಹರಿದುಬಂದ ಕ್ಯಾಡ್ಮಿಯಂ ನದಿಯ ನೀರಿನೊಡನೆ ಭತ್ತದ ಗದ್ದೆಗಳನ್ನು ಸೇರಿತು. ಆ ಅಕ್ಕಿಯನ್ನು ಉಂಡವರಲ್ಲಿ, ವಿಶೇಷವಾಗಿ ಹಲವು ಮಕ್ಕಳನ್ನು ಹೆತ್ತು ಮುಟ್ಟು ನಿಂತ ಹೆಂಗಸರಲ್ಲಿ, ಎಲುಬುಗಳು ಮೆತ್ತಗಾಗಿ ಮುರಿಯತೊಡಗಿದವು. ಅವರು ನರಳುತ್ತ ಕೂಗಿದ "ಇತಾಯ್ ಇತಾಯ್", ಅಂದರೆ "ನೋವು, ನೋವು" ಎಂಬ ಮಾತೇ ಆ ರೋಗದ ಹೆಸರಾಯಿತು. ಮಾಲಿನ್ಯದಿಂದ ಉಂಟಾದ ರೋಗವಿದೆಂದು ಜಪಾನ್ ಸರ್ಕಾರ 1968ರಲ್ಲಿ ಒಪ್ಪಿಕೊಂಡಿತು.

ಪ್ರಾಸ್ಟೇಟ್ ಗ್ರಂಥಿಯೊಡನೆ ಇರುವ ನಂಟು

ಪ್ರಾಸ್ಟೇಟ್ ಗ್ರಂಥಿಯು ಗಂಡಸರಲ್ಲಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಬಳಸಿಕೊಂಡು ಇರುವ, ಸಣ್ಣ ಅಡಿಕೆಕಾಯಿಯಷ್ಟು ಗಾತ್ರದ ಅಂಗ. ವೀರ್ಯದಲ್ಲಿರುವ ದ್ರವದ ಒಂದು ಭಾಗವನ್ನು ಅದು ಒದಗಿಸುತ್ತದೆ. ದೇಹದ ಇತರ ಮೃದು ಅಂಗಗಳಿಗಿಂತ ಈ ಗ್ರಂಥಿಯಲ್ಲಿ ಸತುವಿನ ಅಂಶ ಬಹಳ ಹೆಚ್ಚು. ಕ್ಯಾಡ್ಮಿಯಂ ಗುಣದಲ್ಲಿ ಸತುವಿಗೆ ಸಮೀಪದ ಬಂಧು. 1817ರಲ್ಲಿ ಜರ್ಮನಿಯ ಸ್ಟ್ರೋಮೆಯರ್ ಎಂಬ ವಿಜ್ಞಾನಿ ಇದನ್ನು ಮೊದಲು ಕಂಡುಹಿಡಿದದ್ದೂ ಸತುವಿನ ಸಂಯುಕ್ತವೊಂದರಲ್ಲಿಯೇ. ಸತು ಇರಬೇಕಾದ ಜಾಗದಲ್ಲಿ ಕ್ಯಾಡ್ಮಿಯಂ ಬಂದು ಕುಳಿತರೆ ಗ್ರಂಥಿಯ ಜೀವಕಣಗಳ ವ್ಯವಹಾರ ಕೆಡಬಹುದೆಂಬುದು ವಿಜ್ಞಾನಿಗಳ ಊಹೆ.

ಈ ಊಹೆಗೆ ಎಡೆಕೊಟ್ಟದ್ದು ಇಂಗ್ಲೆಂಡಿನ ಬ್ಯಾಟರಿ ಕಾರ್ಮಿಕರು. ನಿಕಲ್ ಮತ್ತು ಕ್ಯಾಡ್ಮಿಯಂ ಬಳಸಿ ಬ್ಯಾಟರಿ ತಯಾರಿಸುವ ಕಾರ್ಖಾನೆಯಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕ್ಯಾಡ್ಮಿಯಂ ಧೂಳಿನಲ್ಲಿ ದುಡಿದವರ ವಿಷಯವನ್ನು ಪಾಟ್ಸ್ ಎಂಬ ವೈದ್ಯರು 1965ರಲ್ಲಿ ಪ್ರಕಟಿಸಿದರು. ಆ ಗುಂಪಿನಲ್ಲಿ ಮರಣ ಹೊಂದಿದ್ದ 8 ಮಂದಿಯಲ್ಲಿ ಮೂವರ ಸಾವಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಕಾರಣವಾಗಿತ್ತು. 1967ರಲ್ಲಿ ಕಿಪ್ಲಿಂಗ್ ಮತ್ತು ವಾಟರ್‌ಹೌಸ್ ಎಂಬುವರು ಇಂತಹ 248 ಕಾರ್ಮಿಕರ ಲೆಕ್ಕವನ್ನು ತೆಗೆದರು. ಸಾಮಾನ್ಯ ಜನರ ಪ್ರಮಾಣದಂತೆ ಅವರಲ್ಲಿ ಒಬ್ಬರಿಗಾದರೂ ಈ ರೋಗ ಬರುವುದು ಸಂದೇಹವಾಗಿತ್ತು. ಆದರೆ ನಾಲ್ವರಿಗೆ ಬಂದಿತ್ತು.

ಇಷ್ಟಕ್ಕೇ ನಿಲ್ಲಿಸಿದರೆ ನಾನು ನಿಮಗೆ ಅರ್ಧಸತ್ಯವನ್ನು ಹೇಳಿದಂತಾಗುತ್ತದೆ. ಇಂತಹ ಬ್ಯಾಟರಿ ಕಾರ್ಮಿಕರಲ್ಲಿ 3,025 ಮಂದಿಯನ್ನು ಕುರಿತ ದೊಡ್ಡ ಅಧ್ಯಯನವೊಂದು 1983ರಲ್ಲಿ ಹೊರಬಂದಿತು. ಮೊದಲು ಕಂಡಿದ್ದ ಆ ನಾಲ್ವರನ್ನು ಬಿಟ್ಟರೆ, ನಂಟನ್ನು ಬಲಪಡಿಸುವ ಹೊಸ ಆಧಾರ ಅದರಲ್ಲಿ ದೊರೆಯಲಿಲ್ಲ. ಆಮೇಲೆ ನಡೆದ ಅಧ್ಯಯನಗಳೂ ಒಂದೇ ಮಾತನ್ನು ಹೇಳಿಲ್ಲ.

ಫ್ರಾನ್ಸಿನ ಲಿಯೋನ್ ನಗರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಿದೆ. ಈ ಸಂಸ್ಥೆ 1993ರಲ್ಲಿ ಕ್ಯಾಡ್ಮಿಯಂ ಅನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾದ ವಸ್ತುಗಳ ಪಟ್ಟಿಗೆ ಸೇರಿಸಿತು. ಆ ನಿರ್ಣಯಕ್ಕೆ ಆಧಾರವಾದದ್ದು ಶ್ವಾಸಕೋಶದ ಕ್ಯಾನ್ಸರ್. 2012ರಲ್ಲಿ ಪ್ರಕಟಿಸಿದ ಮರುವಿಮರ್ಶೆಯಲ್ಲಿ ಪ್ರಾಸ್ಟೇಟ್ ಮತ್ತು ಮೂತ್ರಪಿಂಡದ ಕ್ಯಾನ್ಸರುಗಳಿಗೂ ಕ್ಯಾಡ್ಮಿಯಂಗೂ ನಂಟು ಕಂಡುಬಂದಿದೆ, ಆದರೆ ಆಧಾರ ಸೀಮಿತವಾದದ್ದು ಎಂದು ಹೇಳಿತು. ಆರ್ಸೆನಿಕ್ ಎಂಬ ಪಾಷಾಣದ ವಿಷಯದಲ್ಲಿಯೂ ಪ್ರಾಸ್ಟೇಟಿಗೆ ಸಂಬಂಧಿಸಿದಂತೆ ಅದರ ಅಭಿಪ್ರಾಯ ಇಂತಹುದೇ.

ಸೋದರರೇ, ಇದರ ತಾತ್ಪರ್ಯವನ್ನು ಚೆನ್ನಾಗಿ ಗ್ರಹಿಸಬೇಕು. ಕ್ಯಾಡ್ಮಿಯಂ ಹೊಗೆಯಿಂದ ಶ್ವಾಸಕೋಶಕ್ಕೆ ಮತ್ತು ಮೂತ್ರಪಿಂಡಕ್ಕೆ ಹಾನಿಯಾಗುವುದು ಖಚಿತ. ಪ್ರಾಸ್ಟೇಟ್ ಕ್ಯಾನ್ಸರ್ ಬರಬಹುದೆಂಬುದು ಬಲವಾದ ಶಂಕೆ. ಇನ್ನೂ ಸಿದ್ಧಪಟ್ಟ ಸಂಗತಿಯಲ್ಲ. ಆದರೆ ಹುತ್ತದಲ್ಲಿ ಹಾವಿದೆಯೋ ಇಲ್ಲವೋ ಎಂದು ಕೈಯಿಟ್ಟು ನೋಡುವವನು ಜಾಣನಲ್ಲ. ಒಂದು ಹಾನಿ ಖಚಿತವಾಗಿರುವಾಗ ಇನ್ನೊಂದು ಖಚಿತವಾಗಲೆಂದು ಕಾಯುತ್ತ ಕೂಡಬೇಕಾಗಿಲ್ಲ. ಎರಡಕ್ಕೂ ರಕ್ಷಣೋಪಾಯ ಒಂದೇ.

ಬೇರೆ ಯಾರು ಎಚ್ಚರವಾಗಿರಬೇಕು?

ಅಕ್ಕಸಾಲಿಗರಲ್ಲದೆ, ಲೋಹದ ಭಾಗಗಳಿಗೆ ಕ್ಯಾಡ್ಮಿಯಂ ಲೇಪನ ಮಾಡುವವರು, ಹಾಗೆ ಲೇಪಿಸಿದ ಹಳೆಯ ಕಬ್ಬಿಣವನ್ನು ಗ್ಯಾಸಿನಿಂದ ಕತ್ತರಿಸುವವರು ಮತ್ತು ವೆಲ್ಡಿಂಗ್ ಮಾಡುವವರು, ಹಳೆಯ ಬ್ಯಾಟರಿಗಳನ್ನು ಒಡೆಯುವವರು ಎಚ್ಚರದಿಂದಿರಬೇಕು. ಟ್ರ್ಯಾಕ್ಟರ್, ಲಾರಿಗಳ ಬ್ಯಾಟರಿಯಲ್ಲಿರುವುದು ಸೀಸ. ಅದು ರಕ್ತಹೀನತೆಯನ್ನು ತರುತ್ತದೆ, ನರಗಳನ್ನು ಕೆಡಿಸುತ್ತದೆ. ಬಸುರಿಯ ಗರ್ಭದಲ್ಲಿರುವ ಶಿಶುವನ್ನೂ ತಲುಪಿ, ಮಗುವಿನ ಬುದ್ಧಿಯ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ.

ಬೀಡಿ ಸಿಗರೇಟು ಸೇದುವವರು ಒಂದು ಮಾತನ್ನು ನೆನಪಿಡಬೇಕು. ಹೊಗೆಸೊಪ್ಪಿನ ಗಿಡ ಮಣ್ಣಿನಲ್ಲಿರುವ ಕ್ಯಾಡ್ಮಿಯಂ ಅನ್ನು ಹೀರಿ ಎಲೆಗಳಲ್ಲಿ ಕೂಡಿಡುತ್ತದೆ. ಕುಲುಮೆಯ ಹೊಗೆಯ ಜೊತೆಗೆ ಬೀಡಿಯ ಹೊಗೆಯನ್ನೂ ಸೇದುವವನು ಒಂದೇ ವಿಷವನ್ನು ಎರಡು ದಾರಿಯಿಂದ ಒಳಗೆ ಬಿಟ್ಟುಕೊಳ್ಳುತ್ತಾನೆ.

ರಾತ್ರಿಯ ಒಂದು ಮಾತುಕತೆ

ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಯಜಮಾನನಿಗೆ ಐವತ್ತೆಂಟು ವರ್ಷ. ಮೂವತ್ತು ವರ್ಷ ಒಡವೆ ಬೆಸೆದ ಕೈ. ಹೆಂಡತಿ ಒಂದು ಬೆಳಗ್ಗೆ ಕೇಳುತ್ತಾಳೆ: "ರೀ, ರಾತ್ರಿ ನಾಲ್ಕು ಸಲ ಎದ್ದು ಹಿತ್ತಿಲಿಗೆ ಹೋದಿರಿ. ಬಹಳ ಹೊತ್ತು ನಿಂತಿದ್ದಿರಿ. ಮೈಯಲ್ಲಿ ಹುಷಾರಿಲ್ಲವೇ?" ಆತ ಹೇಳುತ್ತಾನೆ: "ವಯಸ್ಸಾಯಿತಲ್ಲ, ಎಲ್ಲರಿಗೂ ಹೀಗೆಯೇ. ಇದನ್ನೆಲ್ಲ ಯಾರ ಮುಂದೆಯೂ ಆಡಬೇಡ."

ಆತನ ಮಾತು ಅರ್ಧ ನಿಜ. ವಯಸ್ಸಾದಂತೆ ಬಹುಮಂದಿ ಗಂಡಸರಲ್ಲಿ ಈ ಗ್ರಂಥಿ ಸಹಜವಾಗಿಯೇ ಊದಿಕೊಂಡು ಮೂತ್ರನಾಳವನ್ನು ಒತ್ತುತ್ತದೆ. ಅದು ಕ್ಯಾನ್ಸರ್ ಅಲ್ಲ. ಔಷಧಿಯಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಗುಣವಾಗುವಂತಹುದು. ಆದರೆ ಈ ಊತ ಯಾವುದು, ಕ್ಯಾನ್ಸರ್ ಯಾವುದು ಎಂಬುದನ್ನು ಹಿತ್ತಿಲಿನಲ್ಲಿ ನಿಂತು ತಿಳಿಯಲು ಸಾಧ್ಯವಿಲ್ಲ. ವೈದ್ಯರ ಪರೀಕ್ಷೆಯೇ ಆಗಬೇಕು. ಪ್ರಾಸ್ಟೇಟ್ ಕ್ಯಾನ್ಸರ್ ಐವತ್ತು ವರ್ಷಕ್ಕಿಂತ ಮೊದಲು ಬರುವುದು ಅಪರೂಪ, ವಯಸ್ಸಾದಂತೆ ಹೆಚ್ಚುತ್ತದೆ. ತಂದೆಗೋ ಅಣ್ಣತಮ್ಮಂದಿರಿಗೋ ಬಂದಿದ್ದರೆ ಸಂಭವ ಇನ್ನೂ ಹೆಚ್ಚು. ಆರಂಭದಲ್ಲಿ ಅನೇಕ ವೇಳೆ ಯಾವ ಲಕ್ಷಣವನ್ನೂ ಅದು ತೋರಿಸುವುದಿಲ್ಲ.

ಕೆಳಗಿನವುಗಳಲ್ಲಿ ಯಾವುದಾದರೂ ಕಂಡರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗತಕ್ಕದ್ದು:

1. ಮೂತ್ರ ಆರಂಭವಾಗಲು ತಡವಾಗುವುದು, ಧಾರೆ ಸಣ್ಣಗಾಗುವುದು ಅಥವಾ ನಿಂತು ನಿಂತು ಬರುವುದು.
2. ರಾತ್ರಿ ಪದೇಪದೇ ಮೂತ್ರಕ್ಕೆ ಏಳಬೇಕಾಗುವುದು.
3. ಮೂತ್ರದಲ್ಲಿ ಅಥವಾ ವೀರ್ಯದಲ್ಲಿ ರಕ್ತ ಕಾಣುವುದು.
4. ಸೊಂಟ, ಬೆನ್ನು ಅಥವಾ ತೊಡೆಯ ಎಲುಬಿನಲ್ಲಿ ವಿಶ್ರಾಂತಿಯಿಂದಲೂ ತಗ್ಗದ ನೋವು.
5. ಮೂತ್ರ ಪೂರ್ಣವಾಗಿ ಕಟ್ಟಿಹೋಗುವುದು. ಇದು ತುರ್ತು ಸ್ಥಿತಿ; ಆ ಕೂಡಲೇ ಆಸ್ಪತ್ರೆ ಸೇರಬೇಕು.

ವೈದ್ಯರು ಗುದದ್ವಾರದ ಮೂಲಕ ಬೆರಳಿನಿಂದ ಗ್ರಂಥಿಯನ್ನು ಮುಟ್ಟಿ ನೋಡುತ್ತಾರೆ. ಇದಕ್ಕೆ ನಾಚಬೇಕಾದುದೇನೂ ಇಲ್ಲ; ಒಂದು ನಿಮಿಷದ ಕೆಲಸ. ಪಿಎಸ್‌ಎ ಎಂಬ ರಕ್ತಪರೀಕ್ಷೆಯೂ ಇದೆ. ಅದರ ಪ್ರಮಾಣ ಹೆಚ್ಚಿದ್ದ ಮಾತ್ರಕ್ಕೆ ಕ್ಯಾನ್ಸರ್ ಎಂದು ಅರ್ಥವಲ್ಲ. ಊತದಿಂದಲೂ ಸೋಂಕಿನಿಂದಲೂ ಅದು ಏರಬಹುದು. ಗ್ರಂಥಿಯ ಚೂರನ್ನು ತೆಗೆದು ಪರೀಕ್ಷಿಸಿದ ಮೇಲೆಯೇ ನಿರ್ಣಯ. ಲಕ್ಷಣಗಳಿಲ್ಲದವರು ಈ ರಕ್ತಪರೀಕ್ಷೆ ತಮಗೆ ಬೇಕೇ ಎಂಬುದನ್ನು ಐವತ್ತರ ವಯಸ್ಸಿನಲ್ಲಿ ವೈದ್ಯರೊಡನೆ ಚರ್ಚಿಸಿ ತೀರ್ಮಾನಿಸಬಹುದು. ಮನೆತನದಲ್ಲಿ ರೋಗವಿದ್ದರೆ ಈ ಚರ್ಚೆ ಇನ್ನೂ ಮೊದಲೇ ಆಗುವುದು ಒಳಿತು.

ಇಟಲಿಯ ರಮಾಜಿನಿ ಎಂಬ ವೈದ್ಯರು 1700ರಲ್ಲಿ ಕಸುಬುದಾರರ ರೋಗಗಳನ್ನು ಕುರಿತು ಒಂದು ಗ್ರಂಥವನ್ನು ಬರೆದರು. ರೋಗಿಯನ್ನು ಕೇಳುವ ಪ್ರಶ್ನೆಗಳಿಗೆ "ನಿನ್ನ ಕಸುಬೇನು?" ಎಂಬುದನ್ನೂ ಸೇರಿಸಬೇಕೆಂದು ಅವರು ವೈದ್ಯರಿಗೆ ಸಲಹೆ ಮಾಡಿದರು. ವೈದ್ಯರು ಕೇಳಲು ಮರೆತರೆ ನೀವೇ ಹೇಳಿ: ಇಂತಹ ಕೆಲಸ, ಇಷ್ಟು ವರ್ಷ, ಇಂತಹ ಲೋಹ. ಗಂಡ ಸಂಕೋಚಪಟ್ಟರೆ ಹೆಂಡತಿ ಹೇಳಲಿ. ಆಗ ಮೂತ್ರಪಿಂಡದ ಪರೀಕ್ಷೆಯನ್ನೂ ಜೊತೆಗೆ ಮಾಡಿಸಲು ಅವಕಾಶವಾಗುತ್ತದೆ.

ತಪ್ಪು ತಿಳಿವಳಿಕೆಗಳು

ಪ್ರಾಸ್ಟೇಟ್ ಕ್ಯಾನ್ಸರ್ ಅಂಟುರೋಗವಲ್ಲ, ಹೆಂಡತಿಗೆ ತಗಲುವುದಿಲ್ಲ. ನಡತೆಗೆಟ್ಟವರಿಗೆ ಬರುವ ರೋಗವೂ ಅಲ್ಲ. ಸಂತಾನ ನಿಯಂತ್ರಣದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡುದರಿಂದಲೇ ಇದು ಬಂದಿತೆಂದು ಕೆಲವರು ಭಯಪಡುತ್ತಾರೆ. ಆ ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸುವುದು ವೀರ್ಯಾಣು ಸಾಗುವ ನಾಳವನ್ನು. ಪ್ರಾಸ್ಟೇಟ್ ಗ್ರಂಥಿಯನ್ನು ಮುಟ್ಟುವುದೇ ಇಲ್ಲ. ಅದು ಈ ಕ್ಯಾನ್ಸರಿಗೆ ಕಾರಣವೆಂಬುದು ಸಿದ್ಧಪಟ್ಟಿಲ್ಲ.

ಕ್ಯಾನ್ಸರ್ ಎಂದೊಡನೆ ಎಲ್ಲವೂ ಮುಗಿಯಿತೆಂದೂ ಎದೆಗುಂದಬಾರದು. ಕೆಲವು ಪ್ರಾಸ್ಟೇಟ್ ಕ್ಯಾನ್ಸರುಗಳು ಬಹು ನಿಧಾನವಾಗಿ ಬೆಳೆಯುತ್ತವೆ. ಅವುಗಳನ್ನು ಕಣ್ಗಾವಲಿನಲ್ಲಿಟ್ಟರೆ ಸಾಕಾಗಬಹುದು. ಉಳಿದವಕ್ಕೆ ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ, ಹಾರ್ಮೋನ್ ಚಿಕಿತ್ಸೆಗಳಿವೆ. ಪುರುಷ ಹಾರ್ಮೋನನ್ನು ತಗ್ಗಿಸಿದರೆ ಈ ರೋಗ ಹಿಮ್ಮೆಟ್ಟುತ್ತದೆಂದು 1941ರಲ್ಲಿ ತೋರಿಸಿಕೊಟ್ಟ ಚಾರ್ಲ್ಸ್ ಹಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ನಮ್ಮ ರಾಜ್ಯದಲ್ಲಿ 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ ಕ್ಯಾನ್ಸರಿಗೆ ಚಿಕಿತ್ಸೆಯುಂಟು. ಬಿಪಿಎಲ್ ಪಡಿತರ ಚೀಟಿಯುಳ್ಳ ಕುಟುಂಬದವರು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ನೆರವನ್ನು ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ ಪಡೆಯಬಹುದು.

ಮನೆಯಲ್ಲಿ ಮತ್ತು ಕುಲುಮೆಯಲ್ಲಿ ಮಾಡಬೇಕಾದುದು

ಮೊದಲನೆಯದು, ಕ್ಯಾಡ್ಮಿಯಂ ಬೆಸುಗೆಯನ್ನೇ ಕೈಬಿಡುವುದು. ಸತು ಮೊದಲಾದ ಲೋಹಗಳನ್ನು ಬೆರೆಸಿದ, ಕ್ಯಾಡ್ಮಿಯಂ ಇಲ್ಲದ ಬೆಸುಗೆಗಳು ಈಗ ದೊರೆಯುತ್ತವೆ. ಕೊಳ್ಳುವ ದಂಪತಿಗಳಾದ ನಿಮ್ಮ ಕೈಯಲ್ಲಿಯೂ ಶಕ್ತಿಯಿದೆ. ಅಂಗಡಿಯಲ್ಲಿ ಕೆಡಿಎಂ ಕೇಳಬೇಡಿ; ಹಾಲ್‌ಮಾರ್ಕ್ ಇರುವ ಒಡವೆ ಕೇಳಿ. ಹಾಲ್‌ಮಾರ್ಕ್ ನಿಯಮ ಕ್ಯಾಡ್ಮಿಯಂ ಬೆಸುಗೆಯನ್ನು ಒಪ್ಪುವುದಿಲ್ಲ. 2021ರ ಜೂನ್ ತಿಂಗಳಿನಿಂದ ಹಾಲ್‌ಮಾರ್ಕ್ ಹಂತಹಂತವಾಗಿ ಕಡ್ಡಾಯವಾಗುತ್ತ ಬಂದಿದೆ. ಮನೆಯಲ್ಲಿರುವ ಹಳೆಯ ಕೆಡಿಎಂ ಒಡವೆಯನ್ನು ರಿಪೇರಿಗೆ ಕೊಡುವಾಗ "ಇದು ಕೆಡಿಎಂ" ಎಂದು ಅಕ್ಕಸಾಲಿಗನಿಗೆ ತಿಳಿಸುವುದು ನಿಮ್ಮ ಧರ್ಮ.

ಎರಡನೆಯದು, ಹೊಗೆಯನ್ನು ಮುಖದಿಂದ ದೂರ ಸೆಳೆಯುವುದು. ಅಗ್ಗಿಷ್ಟಿಕೆಯ ಬಳಿಯೇ ಹೊಗೆಯನ್ನು ಹೀರಿ ಹೊರಗೆ ಬಿಡುವ ಫ್ಯಾನು ಇರಬೇಕು. ಮಾಡಿನ ಫ್ಯಾನು ಹೊಗೆಯನ್ನು ಕೋಣೆಯಲ್ಲೆಲ್ಲ ಹರಡುತ್ತದೆಯೇ ಹೊರತು ಕಳೆಯುವುದಿಲ್ಲ. ಮೂಗಿಗೆ ಕಟ್ಟಿದ ವಸ್ತ್ರ ಈ ಹೊಗೆಯನ್ನು ತಡೆಯಲಾರದು.

ಮೂರನೆಯದು, ಕೆಲಸದ ಧೂಳನ್ನು ಮನೆಗೆ ತರದಿರುವುದು. ಕೆಲಸದ ಬಟ್ಟೆಯನ್ನು ಅಲ್ಲಿಯೇ ಬದಲಿಸಿ, ಕೈಮುಖ ತೊಳೆದು, ಅನಂತರವೇ ಮಗುವನ್ನು ಎತ್ತಿಕೊಳ್ಳಬೇಕು. ಆ ಬಟ್ಟೆಗಳನ್ನು ಬೇರೆಯಾಗಿ ಒಗೆಯಬೇಕು. ಕುಲುಮೆಯ ಕೋಣೆಯಲ್ಲಿ ತೊಟ್ಟಿಲು ಕಟ್ಟುವುದು, ಅಡುಗೆ ಮಾಡುವುದು, ಊಟ ಮಾಡುವುದು, ಬೀಡಿ ಸೇದುವುದು ಸಲ್ಲದು. ನೆಲವನ್ನು ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿದರೆ ಧೂಳು ಏಳುವುದಿಲ್ಲ.

ನಾಲ್ಕನೆಯದು, ಆಹಾರ. ದೇಹದಲ್ಲಿ ಕಬ್ಬಿಣಾಂಶ ಕಡಿಮೆಯಾದವರು ಕ್ಯಾಡ್ಮಿಯಂ ಅನ್ನು ಹೆಚ್ಚಾಗಿ ಹೀರಿಕೊಳ್ಳುತ್ತಾರೆ. ಆದ್ದರಿಂದ ಅದೇ ಮನೆಯಲ್ಲಿರುವ ರಕ್ತಹೀನತೆಯುಳ್ಳ ಹೆಂಗಸಿಗೂ ಅಪಾಯವುಂಟು. ಸೊಪ್ಪು, ಕಾಳು, ರಾಗಿ ಇವು ಊಟದಲ್ಲಿರಲಿ. ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಗಳನ್ನು ತಪ್ಪದೆ ಸೇವಿಸಿ.

ಕಡೆಯದಾಗಿ ಒಂದು ಮಾತು. ದೊಡ್ಡ ಕಾರ್ಖಾನೆಯಲ್ಲಿ ದುಡಿಯುವವನಿಗೆ ಎಚ್ಚರಿಕೆಯ ಫಲಕಗಳಿರಬಹುದು, ತಪಾಸಣೆ ಮಾಡುವ ಅಧಿಕಾರಿಗಳಿರಬಹುದು. ಮನೆಯ ಜಗಲಿಯಲ್ಲಿ ಕುಳಿತು ದುಡಿಯುವವನಿಗೆ ಆತನ ಹೆಂಡತಿಯೇ ತಪಾಸಣಾಧಿಕಾರಿ. ಆಕೆ ರಾತ್ರಿ ಗಮನಿಸಿದ್ದನ್ನು ಬೆಳಗ್ಗೆ ಕೇಳಲಿ. ಕೇಳಿದಾಗ ಆತ ಗದರದೆ ಉತ್ತರಿಸಲಿ. ಆಮೇಲೆ ಇಬ್ಬರೂ ಕೂಡಿ ಆಸ್ಪತ್ರೆಗೆ ಬನ್ನಿ. ನಿಮ್ಮನ್ನು ನೋಡುವುದಕ್ಕಾಗಿಯೇ ನಾವು ಅಲ್ಲಿದ್ದೇವೆ.